ಬಲ ಇದೆ, ಅಳತೆ ತಪ್ಪುತ್ತದೆ: ಅಟಾಕ್ಸಿಕ್ ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ಮನೆಯವರಿಗೆ

ಆ ಹುಡುಗನ ಮನೆಗೆ ಮೊದಲ ಸಲ ಹೋದಾಗ ಅವನ ಅಜ್ಜಿಯೇ ನನಗೆ ಪರೀಕ್ಷೆ ಮಾಡಿ ತೋರಿಸಿದರು. ಆರು ವರ್ಷದ ಹುಡುಗ. ಅವನ ಮುಂದೆ ಸ್ಟೀಲ್ ಲೋಟದಲ್ಲಿ ನೀರಿಟ್ಟರು. ಕೈ ಮುಂದೆ ಬಂತು. ಅರ್ಧ ದಾರಿವರೆಗೆ ಪರವಾಗಿಲ್ಲ. ಲೋಟ ಹತ್ತಿರವಾಗುತ್ತಿದ್ದ ಹಾಗೆ ಕೈ ಅತ್ತಿತ್ತ ತೂಗಾಡತೊಡಗಿತು. ಲೋಟ ದಾಟಿ ಆಚೆ ಹೋಯಿತು, ವಾಪಸ್ ಬಂತು, ಬೆರಳು ಅಂಚಿಗೆ ತಗುಲಿತು. ನೀರೆಲ್ಲ ಚಾಪೆ ಮೇಲೆ. "ನೋಡಿದ್ರಾ ಮೇಡಮ್ಮೋರೆ, ಕೈಯಾಗೆ ಸಕ್ತಿನೇ ಇಲ್ಲ" ಅಂದರು ಅಜ್ಜಿ.

ನನ್ನ ಎರಡು ಬೆರಳು ಅವನ ಕೈಗೆ ಕೊಟ್ಟು "ಗಟ್ಟಿಯಾಗಿ ಹಿಂಡು ನೋಡೋಣ" ಅಂದೆ. ಹಿಂಡಿದ. ಸುಳ್ಳಲ್ಲ, ನೋವಾಯಿತು.

ಶಕ್ತಿ ಇದೆ. ತಪ್ಪುತ್ತಿರುವುದು ಅಳತೆ. ನಾನು ಫಿಸಿಯೋಥೆರಪಿ ಮಾಡುವವಳು. ಇಂಥ ಮಕ್ಕಳ ಮನೆಗಳಲ್ಲಿ ಅತಿ ಹೆಚ್ಚು ಸಲ ಹೇಳಿದ ಮಾತು ಇದೇ ಇರಬೇಕು. ಇದು ಅರ್ಥವಾದರೆ ಮುಂದಿನ ಅರ್ಧ ಕೆಲಸ ಸುಲಭ. ಅರ್ಥವಾಗದಿದ್ದರೆ ವರ್ಷಗಟ್ಟಲೆ ಟಾನಿಕ್, ಎಣ್ಣೆ ನೀವುವುದು, ಬೈಗುಳ.

ಒಳಗೆ ಏನಾಗಿದೆ

ಅಡುಗೆ ಗೊತ್ತಿರುವವರು ಸಾರಿಗೆ ಉಪ್ಪನ್ನು ಚಮಚದಲ್ಲಿ ಅಳೆಯುವುದಿಲ್ಲ. ಕೈಯಳತೆಯಲ್ಲೇ ಹಾಕುತ್ತಾರೆ, ಸರಿಯಾಗಿರುತ್ತದೆ. ನಮ್ಮ ದೇಹದ ಪ್ರತಿ ಚಲನೆಗೂ ಇಂಥದ್ದೊಂದು ಕೈಯಳತೆ ಬೇಕು. ಕೈ ಎಷ್ಟು ದೂರ ಹೋಗಬೇಕು, ಎಷ್ಟು ಜೋರಾಗಿ ಹೋಗಬೇಕು, ಎಲ್ಲಿ ಬ್ರೇಕ್ ಹಾಕಬೇಕು. ಈ ಲೆಕ್ಕ ಇಡುವುದು ತಲೆಯ ಹಿಂಭಾಗದಲ್ಲಿ, ಕುತ್ತಿಗೆಗಿಂತ ಸ್ವಲ್ಪ ಮೇಲಿರುವ ಚಿಕ್ಕ ಮೆದುಳು. ಶಾಲೆಯ ಪುಸ್ತಕದಲ್ಲಿ ಅನುಮಸ್ತಿಷ್ಕ ಎಂದು ಓದಿರುತ್ತೀರಿ. ಇಡೀ ಮೆದುಳಿನಲ್ಲಿ ಇದರ ಪಾಲು ಹತ್ತರಲ್ಲಿ ಒಂದು. ಆದರೆ ಮೆದುಳಿನ ನರಕೋಶಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇಲ್ಲೇ ಇವೆ.

ಹುಟ್ಟುವ ಮೊದಲು, ಹುಟ್ಟುವಾಗ ಅಥವಾ ಎಳೆಗೂಸಾಗಿದ್ದಾಗ ಬೆಳೆಯುತ್ತಿರುವ ಮೆದುಳಿಗೆ ಪೆಟ್ಟಾಗಿ ಚಲನೆಗೆ ತೊಂದರೆಯಾದರೆ ಅದು ಸೆರೆಬ್ರಲ್ ಪಾಲ್ಸಿ, ಚಿಕ್ಕದಾಗಿ ಸಿಪಿ. ಸರ್ಕಾರಿ ಕಾಗದದಲ್ಲಿ ಮೆದುಳಿನ ಪಾರ್ಶ್ವವಾಯು ಎಂದೂ ಬರೆಯುತ್ತಾರೆ. ಆ ಹೆಸರು ಕೇಳಿ ಲಕ್ವ ಹೊಡೆದ ಅಜ್ಜನನ್ನು ನೆನಪಿಸಿಕೊಳ್ಳಬೇಡಿ, ಎರಡೂ ಬೇರೆ. ಸಿಪಿ ಇರುವ ನೂರು ಮಕ್ಕಳಲ್ಲಿ ಎಂಬತ್ತರಷ್ಟು ಮಂದಿಗೆ ಕೈಕಾಲು ಸೆಟೆದುಕೊಂಡಿರುತ್ತದೆ. ಅದು ಸ್ಪಾಸ್ಟಿಕ್ ಬಗೆ. ಪೆಟ್ಟು ಮುಖ್ಯವಾಗಿ ಚಿಕ್ಕ ಮೆದುಳಿಗೆ ಬಿದ್ದಿದ್ದರೆ ಅಟಾಕ್ಸಿಕ್ ಬಗೆ. ನೂರರಲ್ಲಿ ಐದರ ಆಸುಪಾಸು ಅಷ್ಟೇ. ಹಾಗಾಗಿಯೇ ಊರಿನಲ್ಲಿ "ನಮ್ಮ ಪಕ್ಕದ ಮನೆ ಸಿಪಿ ಹುಡುಗನಿಗೆ ಹೀಗೆ ಮಾಡಿದರು" ಎಂಬ ಸಲಹೆ ನಿಮ್ಮ ಮಗುವಿಗೆ ಹೊಂದದೇ ಹೋಗುವುದು.

ಕಾರಣ ಹಲವು. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಿನ ಚಿಕ್ಕ ಮೆದುಳಿನಲ್ಲಿ ರಕ್ತಸ್ರಾವ, ಸೋಂಕು, ಆ ಭಾಗ ಹೊಟ್ಟೆಯಲ್ಲೇ ಸರಿಯಾಗಿ ಬೆಳೆಯದಿರುವುದು. ಎಷ್ಟೋ ಸಲ ಮೂಲ ಜೀನಿನಲ್ಲಿರುತ್ತದೆ. ಬಸುರಿ ಗ್ರಹಣ ನೋಡಿದ್ದು ಕಾರಣವಲ್ಲ. ಸೊಸೆ ಪಪ್ಪಾಯಿ ತಿಂದದ್ದೂ ಅಲ್ಲ. ಇದನ್ನು ಅತ್ತೆಯಂದಿರು ಇರುವಾಗಲೇ ಹೇಳುತ್ತೇನೆ.

ಮಗುವಿಗೆ ಹೇಗೆ ಅನಿಸುತ್ತದೆ ಎಂದು ತಿಳಿಯಬೇಕಾದರೆ ಓಡುತ್ತಿರುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಾಲ್ಕು ಹೆಜ್ಜೆ ನಡೆದು ನೋಡಿ. ತಾನಾಗಿಯೇ ಕಾಲು ಅಗಲಿಸುತ್ತೀರಿ. ಕೈ ಎರಡೂ ಪಕ್ಕಕ್ಕೆ ಚಾಚುತ್ತವೆ. ಹೆಜ್ಜೆ ಒಂದು ಉದ್ದ, ಒಂದು ಗಿಡ್ಡ. ಹಿಂದೆ ತಿರುಗಬೇಕಾದರೆ ಇನ್ನೂ ಕಷ್ಟ. ಆ ಮಗುವಿಗೆ ಮನೆಯ ಸಿಮೆಂಟು ನೆಲವೇ ಓಡುವ ಬಸ್ಸು.

ಹೆಜ್ಜೆ 1: ಸುಮ್ನೆ ನೋಡಿ, ವಿಡಿಯೋ ಮಾಡಿ

ಮೊದಲ ವರ್ಷದಲ್ಲಿ ಇದು ಗೊತ್ತಾಗುವುದು ಕಷ್ಟ. ಮಗು ಎತ್ತಿಕೊಂಡರೆ ಜೋಲುತ್ತದೆ, ಮೈ ಮೆತ್ತಗೆ. ಕುತ್ತಿಗೆ ನಿಲ್ಲುವುದು, ಕೂರುವುದು ತಡ. ಅಳತೆ ತಪ್ಪುವುದು ಎದ್ದು ಕಾಣುವುದು ಮಗು ಆಟದ ಸಾಮಾನಿಗೆ ಕೈ ಹಾಕಲು, ಕೂರಲು, ನಿಲ್ಲಲು ಶುರು ಮಾಡಿದ ಮೇಲೆಯೇ. ಒಂಬತ್ತು ತಿಂಗಳಾದರೂ ಆಧಾರವಿಲ್ಲದೆ ಕೂರದಿದ್ದರೆ, ಒಂದೂವರೆ ವರ್ಷವಾದರೂ ನಡೆಯದಿದ್ದರೆ "ನಿಮ್ಮ ಯಜಮಾನರೂ ತಡವಾಗೇ ನಡೆದಿದ್ದು" ಎಂಬ ಸಮಾಧಾನ ಬೇಡ. ತೋರಿಸಿ.

ಡಾಕ್ಟರ ಕೋಣೆಯಲ್ಲಿ ಮಗು ಅಳುತ್ತದೆ, ಏನೂ ಮಾಡಿ ತೋರಿಸುವುದಿಲ್ಲ. ಆದ್ದರಿಂದ ಫೋನಿನಲ್ಲಿ ಒಂದೊಂದು ನಿಮಿಷದ ವಿಡಿಯೋ ತೆಗೆದಿಡಿ. ಆಟದ ಸಾಮಾನಿಗೆ ಕೈ ಚಾಚುವುದು, ಪಕ್ಕದಿಂದ ತೆಗೆದದ್ದು. ಊಟ ಮಾಡುವುದು. ನಡೆಯುವುದು, ತಿರುಗಿ ಬರುವುದು, ಎದುರಿನಿಂದ ತೆಗೆದದ್ದು. ಮಾತಾಡುವುದು. ಸ್ವಲ್ಪ ದೊಡ್ಡ ಮಗುವಾದರೆ ನೆಲದ ಟೈಲ್ಸಿನ ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ ನಡೆಯಲು ಹೇಳಿ. ತಾರಮ್ಮಯ್ಯ ಮಾಡಿಸಿ. ಅಂಗೈ ಅತ್ತ ಇತ್ತ ಬೇಗ ಬೇಗ ತಿರುಗಿಸುವುದು ನಮಗೆ ಕೂಸಿನ ಆಟ. ಚಿಕ್ಕ ಮೆದುಳಿಗೆ ಅದು ಗಟ್ಟಿ ಪರೀಕ್ಷೆ. ಈ ಮಕ್ಕಳ ತಾರಮ್ಮಯ್ಯಕ್ಕೆ ತಾಳ ಇರುವುದಿಲ್ಲ, ಒಂದು ಸಲ ಪೂರ್ತಿ ತಿರುಗಿದರೆ ಇನ್ನೊಂದು ಸಲ ಅರ್ಧಕ್ಕೇ ನಿಲ್ಲುತ್ತದೆ.

ಎರಡು ವಿಷಯ ಬರೆದಿಡಿ. ನಡುಕ ಯಾವಾಗ ಬರುತ್ತದೆ? ಕೈ ತೊಡೆಯ ಮೇಲೆ ಸುಮ್ಮನೆ ಇದ್ದಾಗ ಇಲ್ಲದೆ, ಏನಾದರೂ ಹಿಡಿಯಲು ಹೋದಾಗ ಮಾತ್ರ, ಅದೂ ಹತ್ತಿರವಾದಷ್ಟೂ ಜಾಸ್ತಿಯಾದರೆ ಅದು ಚಿಕ್ಕ ಮೆದುಳಿನ ಗುರುತು. ಇನ್ನೊಂದು: ಹೋದ ವರ್ಷ ಮಾಡುತ್ತಿದ್ದ ಯಾವುದಾದರೂ ಕೆಲಸ ಈಗ ಮಾಡುತ್ತಿಲ್ಲವಾ? ಈ ಎರಡನೆಯದಕ್ಕೆ ಈಗ ಬರುತ್ತೇನೆ.

ಹೆಜ್ಜೆ 2: ಇದು ನಿಜವಾಗಿ ಸಿಪಿಯೇ ಎಂದು ಕೇಳಿ

ಈ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಹೊತ್ತಿದ್ದರೆ ಇದನ್ನೇ ಓದಿ.

ಸಿಪಿಯಲ್ಲಿ ಮೆದುಳಿಗೆ ಆದ ಪೆಟ್ಟು ಹೆಚ್ಚುವುದಿಲ್ಲ. ಮಗು ನಿಧಾನವಾಗಿಯಾದರೂ ಮುಂದಕ್ಕೇ ಹೋಗುತ್ತದೆ. ನಡೆಯುತ್ತಿದ್ದ ಮಗು ನಡೆಯುವುದನ್ನು ಬಿಡುತ್ತಿದ್ದರೆ, ಸ್ಪಷ್ಟವಾಗಿದ್ದ ಮಾತು ತೊದಲಾಗುತ್ತಿದ್ದರೆ, ಅದಕ್ಕೆ ಸಿಪಿ ಎಂಬ ಚೀಟಿ ಅಂಟಿಸಿ ಸುಮ್ಮನಾಗಬಾರದು. ಮಕ್ಕಳ ನರರೋಗ ತಜ್ಞರೇ ನೋಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ, ದೊಡ್ಡ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೂ ಸಿಗುತ್ತಾರೆ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಅಟಾಕ್ಸಿಕ್ ಸಿಪಿಯ ಹಾಗೇ ಕಾಣುವ ಬೇರೆ ಕಾಯಿಲೆಗಳು ಬಹಳ. ಅವುಗಳಲ್ಲಿ ಕೆಲವಕ್ಕೆ ಚಿಕಿತ್ಸೆ ಇದೆ. ವಿಟಮಿನ್ ಇ ಮೈಗೆ ದಕ್ಕದ ಒಂದು ಆನುವಂಶಿಕ ತೊಂದರೆಯಲ್ಲಿ ಮಗು ಹೀಗೆಯೇ ತೂರಾಡುತ್ತದೆ. ದೊಡ್ಡ ಪ್ರಮಾಣದ ವಿಟಮಿನ್ ಇ ಕೊಟ್ಟರೆ ಅದನ್ನು ತಡೆಯಬಹುದು. ಸಕ್ಕರೆ ಅಂಶ ಮೆದುಳಿಗೆ ಸರಿಯಾಗಿ ತಲುಪದ ಇನ್ನೊಂದು ತೊಂದರೆಗೆ ಕೊಬ್ಬು ಜಾಸ್ತಿ ಇರುವ ವಿಶೇಷ ಆಹಾರವೇ ಔಷಧಿ. ಮತ್ತೊಂದರಲ್ಲಿ ತೂರಾಟದ ಜೊತೆಗೆ ಕಣ್ಣಿನ ಬಿಳಿ ಭಾಗದಲ್ಲಿ ಕೆಂಪು ಎಳೆಗಳು ಮೂಡುತ್ತವೆ, ಎದೆಯ ಸೋಂಕು ಪದೇ ಪದೇ ಬರುತ್ತದೆ. ಆ ಮಕ್ಕಳಿಗೆ ಎಕ್ಸ್‌ರೇಯನ್ನೂ ಯೋಚಿಸಿ ತೆಗೆಯಬೇಕು. ಫಿಟ್ಸ್ ಮಾತ್ರೆಯ ಡೋಸ್ ಜಾಸ್ತಿಯಾದರೂ ಮಗು ತೂರಾಡಬಹುದು. ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಅದು ಇನ್ನೂ ಅಪಾಯ. ಡಾಕ್ಟರಿಗೆ ಫೋನ್ ಮಾಡಿ.

ಚೆನ್ನಾಗಿ ಓಡಾಡುತ್ತಿದ್ದ ಮಗು ಏಕಾಏಕಿ ತೂರಾಡಲು ಶುರು ಮಾಡಿದರೆ, ಅದರ ಜೊತೆ ತಲೆನೋವು, ಬೆಳಗ್ಗೆ ಎದ್ದ ಕೂಡಲೇ ವಾಂತಿ ಇದ್ದರೆ, ಅದು ನಾಳೆಗೆ ಬಿಡುವ ವಿಷಯವಲ್ಲ. ಅವತ್ತೇ ಆಸ್ಪತ್ರೆ.

ಡಾಕ್ಟರು ಎಂಆರ್‌ಐ ಬರೆದುಕೊಡುತ್ತಾರೆ. ಚಿಕ್ಕ ಮೆದುಳು ಹೇಗಿದೆ ಎಂದು ಅದರಲ್ಲಿ ಕಾಣುತ್ತದೆ. ಕೆಲವು ಮಕ್ಕಳಿಗೆ ಜೀನ್ ಪರೀಕ್ಷೆಯೂ ಬೇಕಾಗುತ್ತದೆ. ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮಲ್ಲಿ ಸೋದರಮಾವನಿಗೆ, ಅತ್ತೆ ಮಗನಿಗೆ ಹೆಣ್ಣು ಕೊಡುವುದು ಇನ್ನೂ ಇದೆ. ಹತ್ತಿರದ ಸಂಬಂಧದಲ್ಲಿ ಮದುವೆಯಾದವರಲ್ಲಿ ಒಂದೇ ಕೆಟ್ಟ ಜೀನು ಅಪ್ಪ ಅಮ್ಮ ಇಬ್ಬರಿಂದಲೂ ಮಗುವಿಗೆ ಬರುವ ಸಾಧ್ಯತೆ ಜಾಸ್ತಿ. ಇದು ಯಾರನ್ನೂ ದೂರಲು ಹೇಳಿದ್ದಲ್ಲ. ಎರಡನೇ ಮಗುವಿನ ಯೋಚನೆ ಇದ್ದರೆ ಬಸುರಿಯಾಗುವ ಮುಂಚೆಯೇ ಆನುವಂಶಿಕ ತಜ್ಞರ ಹತ್ತಿರ ಮಾತಾಡಿ. "ಸಿಪಿ ತಾನೇ, ಅದು ಮತ್ತೆ ಬರಲ್ಲ" ಎಂಬ ಧೈರ್ಯ ಈ ಬಗೆಯಲ್ಲಿ ಎಲ್ಲರಿಗೂ ಸಲ್ಲುವುದಿಲ್ಲ.

ಕಣ್ಣು, ಕಿವಿ ಎರಡನ್ನೂ ಪರೀಕ್ಷೆ ಮಾಡಿಸಿ. ಈ ಮಕ್ಕಳಲ್ಲಿ ಕಣ್ಣುಗುಡ್ಡೆ ಅತ್ತಿತ್ತ ಅದುರುವುದು ಸಾಮಾನ್ಯ. ಅದು ಗೊತ್ತಿಲ್ಲದೆ ಮಗು ಬೋರ್ಡ್ ನೋಡಿ ಬರೆಯಲ್ಲ ಎಂದು ಬೈಯುತ್ತಿರುತ್ತೇವೆ.

ಹೆಜ್ಜೆ 3: ಮಗು ಈಗ ಎಲ್ಲಿದೆ ಎಂದು ತಿಳಿಯಿರಿ

ಥೆರಪಿಸ್ಟ್ "ಜಿಎಂಎಫ್‌ಸಿಎಸ್ ಎರಡು" ಎಂದೋ "ಮೂರು" ಎಂದೋ ಬರೆಯುತ್ತಾರೆ. 1997ರಲ್ಲಿ ಕೆನಡಾದಲ್ಲಿ ಮಾಡಿದ ಐದು ಮೆಟ್ಟಿಲಿನ ಅಳತೆ ಇದು. ಒಂದು ಅಂದರೆ ಓಡಾಟಕ್ಕೆ ಹೆಚ್ಚು ಅಡ್ಡಿಯಿಲ್ಲ. ಮೂರು ಅಂದರೆ ವಾಕರ್, ಕೋಲು ಹಿಡಿದು ನಡೆಯುವ ಮಗು. ಐದು ಅಂದರೆ ಕುತ್ತಿಗೆ ನಿಲ್ಲಿಸುವುದಕ್ಕೂ ಆಸರೆ ಬೇಕು. ಪಾಸು ಫೇಲಿನ ಅಂಕಿ ಅಲ್ಲ ಇದು. ಮುಂದೆ ಏನು ಎದುರು ನೋಡಬಹುದು, ಯಾವ ಸಾಮಾನು ಬೇಕು ಎಂದು ಹೇಳುವ ಅಂಕಿ. ಕೇಳಿ ತಿಳಿದುಕೊಳ್ಳಿ.

ಹೆಜ್ಜೆ 4: ಮೊದಲು ಕೂರಿಸುವುದು

ಕೈ ನಡುಗುತ್ತದೆ ಅಂತ ಎಲ್ಲರೂ ಕೈಯನ್ನೇ ನೋಡುತ್ತಾರೆ. ನಾನು ಮೊದಲು ನೋಡುವುದು ಸೊಂಟ ಮತ್ತು ಪಾದ. ಅಲುಗಾಡುವ ಏಣಿಯ ಮೇಲೆ ನಿಂತು ಸುಣ್ಣ ಬಳಿಯುವವನ ಕೈ ನೆಟ್ಟಗಿರಲು ಸಾಧ್ಯವಾ? ಹಾಗೇ ಇದು. ಮೈ ಗಟ್ಟಿಯಾಗಿ ಕೂತರೆ ಕೈಯ ನಡುಕ ಅಲ್ಲೇ ಸ್ವಲ್ಪ ಇಳಿಯುತ್ತದೆ.

ಕುರ್ಚಿಯಲ್ಲಿ ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ತಾಗದಿದ್ದರೆ ಕೆಳಗೆ ಒಂದು ಮಣೆ ಇಡಿ, ಅಥವಾ ಹಳೇ ದಿನಪತ್ರಿಕೆಗಳನ್ನು ಗಟ್ಟಿಯಾಗಿ ಕಟ್ಟಿ ಇಡಿ. ಬೆನ್ನು ಒರಗಿಸಲು ಇರಲಿ, ಪಕ್ಕದಲ್ಲಿ ಕೈ ಇಡಲು ಜಾಗವಿರಲಿ. ಮುಂದಿನ ಮೇಜು ಮೊಣಕೈ ಊರುವಷ್ಟು ಎತ್ತರ. ಪ್ಲಾಸ್ಟಿಕ್ ಕುರ್ಚಿ ಹಗುರ, ಜಾರುತ್ತದೆ. ಕಾಲು ಅಗಲವಾದ ಮರದ ಕುರ್ಚಿ ಮೇಲು. ನೆಲದ ಮೇಲೆಯೇ ಊಟ ಮಾಡುವ ಮನೆಯಾದರೆ ಮೂಲೆಗೆ ಕೂರಿಸಿ. ಎರಡು ಗೋಡೆ ಸೇರುವ ಮೂಲೆಗಿಂತ ಒಳ್ಳೆಯ ಆಸನವನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲ.

ಹೆಜ್ಜೆ 5: ಊಟ, ನೀರು, ಕೈ

ಆ ಹುಡುಗನ ಲೋಟಕ್ಕೆ ವಾಪಸ್ ಬರೋಣ. ಅವತ್ತು ನಾವು ಮಾಡಿದ್ದು ಮೂರೇ ಕೆಲಸ. ಮೂಲೆಗೆ ಕೂರಿಸಿ ಮುಂದೆ ಗಿಡ್ಡ ಸ್ಟೂಲ್ ಇಟ್ಟೆವು. ಲೋಟದ ಬದಲು ಎರಡು ಹಿಡಿ ಇರುವ ದಪ್ಪ ಕಪ್ಪು, ಅರ್ಧ ಮಾತ್ರ ನೀರು. ಆಮೇಲೆ ಅವನಿಗೆ ಹೇಳಿಕೊಟ್ಟೆ: "ಮೊದಲು ಮೊಣಕೈ ಸ್ಟೂಲ್ ಮೇಲೆ ಊರು. ಕೈ ಗಾಳೀಲಿ ಹೋಗಬಾರದು, ಸ್ಟೂಲ್ ಮೇಲೆ ಜಾರಿಸಿಕೊಂಡು ಹೋಗು. ಕಪ್ಪು ಸಿಕ್ತಾ? ಎರಡೂ ಕೈಯಲ್ಲಿ ಹಿಡಿ. ಈಗ ಕಪ್ಪನ್ನ ಬಾಯಿಗೆ ತರಬೇಡ, ಬಾಯಿನ ಕಪ್ಪಿಗೆ ತಗೊಂಡು ಹೋಗು." ನಾಲ್ಕನೇ ಸಲಕ್ಕೆ ಕುಡಿದ. ಗಲ್ಲದ ಮೇಲೆ ಒಂದಿಷ್ಟು ಸುರಿಯಿತು. ಅಜ್ಜಿ ಒರೆಸಲು ಬಂದರು, ಅವನು ಕೈ ಅಡ್ಡ ಹಿಡಿದ.

ಇದರ ಹಿಂದಿನ ಲೆಕ್ಕ ಸರಳ. ಭುಜ, ಮೊಣಕೈ, ಮಣಿಕಟ್ಟು, ಬೆರಳು ನಾಲ್ಕೂ ಒಟ್ಟಿಗೆ ಗಾಳಿಯಲ್ಲಿ ಚಲಿಸಿದರೆ ನಾಲ್ಕು ಕಡೆಯ ತಪ್ಪೂ ಸೇರಿಕೊಳ್ಳುತ್ತದೆ. ಮೊಣಕೈ ಊರಿದರೆ ಲೆಕ್ಕ ಹಾಕಬೇಕಾದ ಕೀಲು ಕಡಿಮೆ. ದೂರ ಕಡಿಮೆಯಾದರೆ ತಪ್ಪೂ ಕಡಿಮೆ.

ತಟ್ಟೆ ಜಾರದಂತೆ ಕೆಳಗೆ ಒದ್ದೆ ಬಟ್ಟೆ ಹಿಂಡಿ ಹಾಸಿ. ಅಂಚು ಎತ್ತರ ಇರುವ ತಟ್ಟೆ ತಗೊಳ್ಳಿ, ಅನ್ನ ಅಂಚಿಗೆ ತಾಗಿ ಬೆರಳಿಗೆ ಸಿಗುತ್ತದೆ. ಮುದ್ದೆ ತಿನ್ನುವ ಮನೆಯವರಿಗೆ ಅನುಕೂಲ ಜಾಸ್ತಿ. ಮುದ್ದೆ ಮುರಿದು ಸಾರಿಗೆ ಅದ್ದುವುದು ಸಾರನ್ನ ಕಲಸಿ ಬಾಯಿಗಿಡುವುದಕ್ಕಿಂತ ಸುಲಭ. ಇಡ್ಲಿ, ಚಪಾತಿ ಚೂರುಗಳೂ ಸರಿ. ಚಮಚ ಬೇಕೆಂದರೆ ದಪ್ಪ ಹಿಡಿಯದ್ದು, ಸ್ವಲ್ಪ ಭಾರದ್ದು. ಹಿಡಿಗೆ ಬಟ್ಟೆ ಸುತ್ತಿದರೂ ಆಯಿತು. ಭಾರ ಕೆಲವರ ನಡುಕವನ್ನು ಹಿಡಿದು ನಿಲ್ಲಿಸುತ್ತದೆ, ಕೆಲವರ ಕೈಯನ್ನು ಬೇಗ ದಣಿಸುತ್ತದೆ. ಮಣಿಕಟ್ಟಿಗೆ ಕಟ್ಟುವ ಮರಳಿನ ಪಟ್ಟಿಯೂ ಹಾಗೇ. ಥೆರಪಿಸ್ಟ್ ಮುಂದೆ ಹಾಕಿ ನೋಡಿ, ಉಪಯೋಗವಾದರೆ ಊಟದ ಹೊತ್ತಿಗೆ, ಬರೆಯುವ ಹೊತ್ತಿಗೆ ಮಾತ್ರ ಹಾಕಿ. ದಿನವಿಡೀ ಬೇಡ.

ನೀರು, ಸಾರು ಕುಡಿದಾಗಲೆಲ್ಲ ಕೆಮ್ಮು ಬಂದರೆ, ನುಂಗುವಾಗ ಗಂಟಲು ಗೊರಗೊರ ಅಂದರೆ ಮಾತಿನ ಥೆರಪಿಸ್ಟ್‌ಗೆ ತೋರಿಸಿ. ನುಂಗುವುದೂ ಅವರ ವಿದ್ಯೆಯೇ.

ಇನ್ನು ಅಭ್ಯಾಸ. ಬೆಲೆಬಾಳುವ ಥೆರಪಿ ಕಿಟ್ ಬೇಕೆಂದು ಹುಡುಕುತ್ತಿರುತ್ತಾರೆ. ಅಟ್ಟದ ಮೇಲೆ ಅಜ್ಜಿಯ ಅಳಗುಳಿಮಣೆ ಧೂಳು ತಿನ್ನುತ್ತಿರುತ್ತದೆ. ಕರಾವಳಿಯವರು ಚೆನ್ನೆಮಣೆ ಅನ್ನುತ್ತಾರೆ. ಅದನ್ನು ಇಳಿಸಿ. ಗುಳಿಯಿಂದ ಹುಣಸೆ ಬೀಜ ಬಾಚಿ ತೆಗೆಯಬೇಕು, ಒಂದೊಂದೇ ಬೀಜವನ್ನು ಒಂದೊಂದು ಗುಳಿಗೆ ಬಿಡುತ್ತಾ ಹೋಗಬೇಕು. ಹಿಡಿಯುವುದು, ಸಾಗಿಸುವುದು, ಸರಿಯಾದ ಜಾಗದಲ್ಲಿ ಬಿಡುವುದು. ಅಳತೆ ಕಲಿಸಲು ಇದಕ್ಕಿಂತ ಏನು ಬೇಕು? ಗುಳಿಗೆ ಅಂಚಿದೆ, ಬೀಜ ಉರುಳಿದರೂ ಒಳಗೇ ಬೀಳುತ್ತದೆ. ಮಣೆಯ ಮೇಲೆ ಕೈ ಊರಿಕೊಳ್ಳಬಹುದು. ಶುರುವಿಗೆ ಹುಣಸೆ ಬೀಜದ ಬದಲು ದಪ್ಪ ಗೋಲಿ, ಆಮೇಲೆ ಚಿಕ್ಕದು. ಎರಡು ವರ್ಷದ ಮಗು ಬೀಜವನ್ನು ಬಾಯಿಗೆ ಹಾಕಿಕೊಳ್ಳುತ್ತದೆ, ಹಾಗಾಗಿ ದೊಡ್ಡ ಮಕ್ಕಳಿಗೆ ಮಾತ್ರ. ಎದುರಿಗೆ ಒಬ್ಬರು ಕೂತು ಸೋಲಬೇಕು, ಅದೂ ಪ್ರತಿಸಲ ಅಲ್ಲ.

ಅರ್ಧ ಗಂಟೆ ಒಂದೇ ಸಮನೆ ಮಾಡಿಸುವುದಕ್ಕಿಂತ ದಿನಕ್ಕೆ ನಾಲ್ಕು ಸಲ ಏಳೆಂಟು ನಿಮಿಷ ಒಳ್ಳೆಯದು. ದಣಿದರೆ, ಜ್ವರ ಬಂದರೆ, ಹೆದರಿದರೆ, ನೆಂಟರೆಲ್ಲ ಕೂತು ನೋಡುತ್ತಿದ್ದರೆ ನಡುಕ ಜಾಸ್ತಿಯಾಗುತ್ತದೆ. "ಮಾವನಿಗೆ ಕುಡಿದು ತೋರಿಸು" ಅನ್ನಬೇಡಿ.

ಮಾಡಿಸುವುದು ಅವನಿಗೆ ಬೇಕಾದ ಕೆಲಸವಾಗಿರಲಿ. ಗುಂಡಿ ಹಾಕಿಕೊಳ್ಳುವುದು ಬೇಕಾದರೆ ಗುಂಡಿಯನ್ನೇ ಅಭ್ಯಾಸ ಮಾಡಬೇಕು. ಚೆಂಡು ಹಿಂಡಿದರೆ ಗುಂಡಿ ಹಾಕಲು ಬರುವುದಿಲ್ಲ. ಹಿಂಡುವ ಬಲ ಮೊದಲೇ ಇದೆ.

ಹೆಜ್ಜೆ 6: ನಡಿಗೆ, ಬೀಳುವಿಕೆ

ಕಾಲು ಅಗಲಿಸಿ ನಡೆಯುವುದನ್ನು ತಿದ್ದಲು ಹೋಗಬೇಡಿ. "ನೆಟ್ಟಗೆ ನಡಿ, ಕಾಲು ಜೋಡಿಸು" ಅನ್ನುವ ಅಪ್ಪಂದಿರು ಬಹಳ. ಆ ಅಗಲವೇ ಅವನನ್ನು ಬೀಳದಂತೆ ಹಿಡಿದಿರುವುದು. ಸಮತೋಲ ಬಂದಂತೆ ಅದು ತಾನಾಗಿ ಕಡಿಮೆಯಾಗುತ್ತದೆ.

ಕೈ ಹಿಡಿದು ನಡೆಸುವುದಾದರೆ ಮೇಲಕ್ಕೆ ಎಳೆದು ಹಿಡಿಯಬೇಡಿ. ಹಾಗೆ ಹಿಡಿದರೆ ಮಗುವಿನ ಭಾರ ನಿಮ್ಮ ಕೈಯಲ್ಲಿ ಇರುತ್ತದೆ, ಅದರ ಮೆದುಳು ಏನೂ ಕಲಿಯುವುದಿಲ್ಲ. ಸೊಂಟದ ಹತ್ತಿರ, ಹಿಂದಿನಿಂದ ಹಗುರವಾಗಿ ಹಿಡಿಯಿರಿ. ಅಮ್ಮನ ಹಳೇ ವೇಲನ್ನು ಸೊಂಟಕ್ಕೆ ಸುತ್ತಿ ಹಿಂದೆ ಹಿಡಿದರೂ ಸರಿ. ತೂರಾಡಿದಾಗ ತಕ್ಷಣ ಹಿಡಿಯಬೇಡಿ, ಒಂದು ಕ್ಷಣ ಬಿಡಿ. ಆ ಒಂದು ಕ್ಷಣದಲ್ಲೇ ಕಲಿಕೆ ಇರುವುದು.

ಅಭ್ಯಾಸ ಮಾಡಿಸಬೇಕಾದದ್ದು ನೇರ ನಡಿಗೆ ಒಂದೇ ಅಲ್ಲ. ಈ ಮಕ್ಕಳು ಬೀಳುವುದು ಮೂರು ಕಡೆ: ತಿರುಗುವಾಗ, ಥಟ್ಟನೆ ನಿಲ್ಲುವಾಗ, ಕೈಯಲ್ಲಿ ಏನಾದರೂ ಹಿಡಿದು ನಡೆಯುವಾಗ. ತಿರುಗುವಾಗ ಗಿರ್ರನೆ ತಿರುಗದೆ ದೊಡ್ಡ ಸುತ್ತು ಹಾಕಿ ಬರಲು ಕಲಿಸಿ. "ಸ್ಟಾಪ್" ಆಟ ಆಡಿಸಿ, ಹಾಡು ನಿಂತಾಗ ನಿಲ್ಲುವುದು. ಕುಂಟೆಬಿಲ್ಲೆಯ ಮನೆಗಳನ್ನು ದೊಡ್ಡದಾಗಿ ಬರೆದು ಎರಡೂ ಕಾಲಲ್ಲಿ ದಾಟಿಸಿ. ಕುಂಟುವುದು ಆಮೇಲೆ ನೋಡೋಣ. ಬೀಳುವುದನ್ನೂ ಕಲಿಸಬೇಕು. ಹಾಸಿಗೆಯ ಮೇಲೆ ಮುಂದಕ್ಕೆ ಕೈ ಊರಿ ಬೀಳುವುದು, ಪಕ್ಕಕ್ಕೆ ಹೊರಳುವುದು, ತಾನೇ ಏಳುವುದು. ತಲೆ ನೆಲಕ್ಕೆ ಹೊಡೆಯುವ ಹಾಗೆ ಮತ್ತೆ ಮತ್ತೆ ಬೀಳುವ ಮಗುವಾದರೆ ಹೆಲ್ಮೆಟ್ ಹಾಕಿ, ನಾಚಿಕೆ ಏನಿಲ್ಲ.

ಹವಾಯಿ ಚಪ್ಪಲಿ ಬೇಡ. ಹಿಮ್ಮಡಿ ಹಿಡಿಯುವ, ತಳ ಗಟ್ಟಿ ಇರುವ, ಪಟ್ಟಿ ಅಂಟಿಸುವ ಶೂ ಹಾಕಿ. ಮನೆಯಲ್ಲಿ ಹೊಸಿಲಿಗೆ ಹಳದಿ ಬಣ್ಣ ಬಳಿಯಿರಿ, ಕಾಣಲಿ. ಕಾಲೊರೆಸುವ ಬಟ್ಟೆ ತೆಗೆದುಬಿಡಿ. ಬಚ್ಚಲಲ್ಲಿ ಜಾರದ ಮ್ಯಾಟ್, ಗೋಡೆಗೆ ಹಿಡಿದುಕೊಳ್ಳಲು ಕಂಬಿ. ನೆಲದ ಕಕ್ಕಸಿನಲ್ಲಿ ಕುಕ್ಕುರುಗಾಲಲ್ಲಿ ಕೂರುವುದು ಇವರಿಗೆ ದೊಡ್ಡ ಸರ್ಕಸ್ಸು. ಮಧ್ಯೆ ತೂತು ಇರುವ ಸ್ಟೂಲ್ ಸಿಗುತ್ತದೆ, ತಂದಿಡಿ.

ವಾಕರ್ ಬೇಕಾದರೆ ಥೆರಪಿಸ್ಟ್ ಅಳತೆ ನೋಡಿ ಕೊಡಲಿ. ತೀರಾ ಹಗುರವಾದದ್ದು ಮಗುವಿನ ಜೊತೆಗೇ ತೂರಾಡುತ್ತದೆ. ಸ್ವಲ್ಪ ಭಾರ ಕಟ್ಟಿದರೆ ನಿಲ್ಲುತ್ತದೆ. ಎಳೆಕೂಸುಗಳನ್ನು ಕೂರಿಸುವ ಗಾಲಿ ವಾಕರ್ ಮಾತ್ರ ಯಾವ ಕಾರಣಕ್ಕೂ ಬೇಡ.

ಹೆಜ್ಜೆ 7: ಮಾತು

ನಾಲಗೆ, ತುಟಿ, ಉಸಿರಿಗೂ ಅಳತೆ ಬೇಕು. ಅದು ತಪ್ಪಿದಾಗ ಮಾತು ಅಕ್ಷರ ಅಕ್ಷರವಾಗಿ ಬಿಡಿಸಿ ಬರುತ್ತದೆ. "ಅಮ್ಮ ನೀರು ಕೊಡು" ಅನ್ನುವುದು ಆರೇಳು ತುಂಡಾಗಿ, ಒಂದು ಜೋರು ಒಂದು ಮೆಲ್ಲಗೆ. ಕೇಳುವವರಿಗೆ ದಡ್ಡ ಅನಿಸುತ್ತದೆ. ಮಾತು ನಿಧಾನ ಅಷ್ಟೇ. ಎಷ್ಟೋ ಮಕ್ಕಳ ಬುದ್ಧಿ ಓರಗೆಯವರಷ್ಟೇ ಚುರುಕು. ಅವನ ವಾಕ್ಯವನ್ನು ನೀವು ಮುಗಿಸಬೇಡಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೇ ಹೆಸರಾದದ್ದು, ಮಾತಿನ ಜೊತೆಗೆ ಕಿವಿಯ ಪರೀಕ್ಷೆಯೂ ಅಲ್ಲೇ ಆಗುತ್ತದೆ.

ಹೆಜ್ಜೆ 8: ಶಾಲೆ

ಅಕ್ಷರಾಭ್ಯಾಸದ ದಿನ ತಟ್ಟೆ ಅಕ್ಕಿಯಲ್ಲಿ ಬರೆಸಿದ್ದು ನೆನಪಿದೆಯಾ? ಅದನ್ನೇ ಮುಂದುವರಿಸಿ. ಅಕ್ಕಿ, ಮರಳು ಬೆರಳಿಗೆ ತಡೆ ಕೊಡುತ್ತವೆ. ತಡೆ ಇದ್ದಲ್ಲಿ ಕೈ ಅಷ್ಟು ಜಾರುವುದಿಲ್ಲ. ಸ್ಲೇಟು ಬಳಪವೂ ನುಣುಪು ಕಾಗದ, ಜೆಲ್ ಪೆನ್ನಿಗಿಂತ ವಾಸಿ. ಆಮೇಲೆ ದಪ್ಪ ಪೆನ್ಸಿಲ್, ಕ್ಲಿಪ್ ಹಾಕಿದ ರಟ್ಟು, ಅಗಲ ಗೆರೆಯ ಪುಸ್ತಕ. ಮೂರನೇ ನಾಲ್ಕನೇ ತರಗತಿಗೆ ಬಂದರೂ ಒಂದು ಸಾಲಿಗೆ ಹತ್ತು ನಿಮಿಷ ಹಿಡಿದರೆ ಕೀಬೋರ್ಡ್ ಕಲಿಸಿ. ಕಾಪಿ ರೈಟಿಂಗ್‌ಗಾಗಿ ಮಗುವಿನ ಓದನ್ನೇ ಬಲಿ ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಟೀಚರ್ ಹತ್ತಿರ ಒಂದು ಪುಟದ ಪತ್ರ ಕೊಡಿ. ಮುಂದಿನ ಬೆಂಚಿನ ಗೋಡೆ ಬದಿಯ ಜಾಗ. ನಾಡಗೀತೆಗೆ ನಿಲ್ಲುವಾಗ ಹಿಡಿದುಕೊಳ್ಳಲು ಏನಾದರೂ. ಬೆಲ್ ಹೊಡೆಯುವ ಐದು ನಿಮಿಷ ಮೊದಲೇ ಹೊರಗೆ ಬಿಡುವುದು, ಮೆಟ್ಟಿಲಲ್ಲಿ ನೂಕುನುಗ್ಗಲು ತಪ್ಪುತ್ತದೆ. ಬಿಸಿಯೂಟದ ಸಾಲಿನಲ್ಲಿ ತಟ್ಟೆ ಹಿಡಿದು ನಡೆಸದೆ ಕೂತಲ್ಲಿಗೇ ಬಡಿಸುವುದು. ಸರ್ಕಾರಿ ಶಾಲೆಯಾದರೆ ಬ್ಲಾಕ್ ಮಟ್ಟದಲ್ಲಿ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರಿರುತ್ತಾರೆ, ಹೆಡ್‌ಮಾಸ್ಟರ್ ಮೂಲಕ ಕರೆಸಿ. ಮುಂದೆ ಪರೀಕ್ಷೆಗೆ ಬರೆದುಕೊಡುವವರ ನೆರವು, ಜಾಸ್ತಿ ಸಮಯ ಕೇಳಬಹುದು. ಕೇಂದ್ರದ ಮಾರ್ಗಸೂಚಿಯ ಲೆಕ್ಕ ಗಂಟೆಗೆ ಕನಿಷ್ಠ 20 ನಿಮಿಷ.

ಹೆಜ್ಜೆ 9: ಕಾಗದ ಪತ್ರ

ಬೇಜಾರಿನ ಕೆಲಸ, ಆದರೆ ಒಂದು ಸಲ ಮಾಡಿಬಿಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಸೆರೆಬ್ರಲ್ ಪಾಲ್ಸಿಯೂ ಇದೆ. ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿಗೆ ಆನ್‌ಲೈನ್ ಅರ್ಜಿ ಹಾಕಿ, ಕರೆದ ದಿನ ಆಸ್ಪತ್ರೆಗೆ ಹೋಗಿ. ಅಂಗವಿಕಲತೆ ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ಎಂದು ಬಂದರೆ ಹೆಚ್ಚಿನ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿ ಖರ್ಚಿಗೂ ಪಾಲಿದೆ. ದಾರಿ ಗೊತ್ತಾಗದಿದ್ದರೆ ನಿಮ್ಮ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಅವರಲ್ಲಿ ಬಹಳ ಜನ ಸ್ವತಃ ಅಂಗವಿಕಲರೇ, ಅರ್ಜಿ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಚೆನ್ನಾಗಿ ಗೊತ್ತಿರುತ್ತದೆ.

ಥೆರಪಿಗೆ ಬೆಂಗಳೂರಿಗೇ ಓಡಬೇಕೆಂದಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ ಎಂಬ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ ಮಕ್ಕಳನ್ನು ಉಚಿತವಾಗಿ ನೋಡುತ್ತಾರೆ. ಅಂಗನವಾಡಿಗೆ ಬರುವ ತಪಾಸಣೆ ತಂಡವೂ ಅಲ್ಲಿಗೇ ಕಳಿಸುತ್ತದೆ. ಬೆಂಗಳೂರಿಗೆ ಹತ್ತಿರದವರಿಗೆ ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ, ಲಿಂಗರಾಜಪುರದ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಇವೆ. ಎಪಿಡಿ 1959ರಿಂದ ಈ ಕೆಲಸ ಮಾಡುತ್ತಿದೆ.

ಹೆಜ್ಜೆ 10: ಯಾವುದಕ್ಕೆ ದುಡ್ಡು ಸುರಿಯಬಾರದು

ಸ್ಟೆಮ್ ಸೆಲ್ ಚಿಕಿತ್ಸೆ ಎಂದು ಲಕ್ಷಗಟ್ಟಲೆ ಕೇಳುವವರಿದ್ದಾರೆ. ಸಿಪಿಗೆ ಅದನ್ನು ಸಂಶೋಧನೆಯ ಹೊರಗೆ, ಹಣ ತೆಗೆದುಕೊಂಡು ಕೊಡುವಂತಿಲ್ಲ ಎನ್ನುವುದು ವೈದ್ಯಕೀಯ ಸಂಶೋಧನೆಯ ಕೇಂದ್ರ ಸಂಸ್ಥೆ ಐಸಿಎಂಆರ್‌ನ ಮಾರ್ಗಸೂಚಿ. ಸೆಟೆತಕ್ಕೆ ಕೊಡುವ ಬೊಟಾಕ್ಸ್ ಇಂಜೆಕ್ಷನ್, ಬ್ಯಾಕ್ಲೋಫೆನ್ ಮಾತ್ರೆ ಅಟಾಕ್ಸಿಯಾಗೆ, ಅಂದರೆ ಈ ಅಳತೆ ತಪ್ಪುವುದಕ್ಕೆ, ಕೆಲಸ ಮಾಡುವುದಿಲ್ಲ. ಇಲ್ಲಿ ಸೆಟೆತವೇ ಇಲ್ಲವಲ್ಲ. ಜೊತೆಗೆ ಸ್ಪಾಸ್ಟಿಕ್ ಅಂಶವೂ ಇರುವ ಮಿಶ್ರ ಬಗೆಯಾದರೆ ಮಾತು ಬೇರೆ. ಎಣ್ಣೆ ನೀವುವುದು? ಮಗುವಿಗೆ ಹಿತವಾದರೆ ನೀವಿ, ಅಜ್ಜಿಗೂ ಸಮಾಧಾನ. ಅಳತೆ ಅದರಿಂದ ಬರುವುದಿಲ್ಲ.

2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಜಿಲ್ಲೆಯಲ್ಲಿ ಅಂಗವಿಕಲ ಮಕ್ಕಳನ್ನು ವಾಸಿಯಾಗುತ್ತದೆ ಎಂದು ನಂಬಿ ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತಿಟ್ಟ ಚಿತ್ರ ಪತ್ರಿಕೆಗಳಲ್ಲಿ ಬಂದಿತ್ತು. ಆ ತಾಯಂದಿರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಯಾರೂ ಅವರಿಗೆ ಕೂತು ವಿವರಿಸಿರಲಿಕ್ಕಿಲ್ಲ. ಆದರೆ ಮೈ ಅಲುಗಿಸಲಾಗದೆ, ಉಸಿರು ಬಿಗಿಹಿಡಿದು ಅಳುವ ಮಗುವಿಗೆ ಅದರಿಂದ ಆಗುವುದು ಭಯ ಮತ್ತು ಅಪಾಯ, ಇನ್ನೇನೂ ಇಲ್ಲ.

ದೊಡ್ಡವರಾದ ಮೇಲೆ

ಈ ಮಕ್ಕಳು ದೊಡ್ಡವರಾಗುತ್ತಾರೆ, ಒಬ್ಬರೇ ಬಸ್ ಹತ್ತುತ್ತಾರೆ. ಆಗ ಹೊಸ ತಲೆನೋವು. ತೂರಾಡುವ ನಡಿಗೆ, ತೊದಲು ಮಾತು, ಅದುರುವ ಕಣ್ಣು. ನೋಡಿದವರು ಕುಡಿದಿದ್ದಾನೆ ಅಂದುಕೊಳ್ಳುತ್ತಾರೆ. ಹದಿನೈದು ವರ್ಷ ಆಗುತ್ತಿದ್ದ ಹಾಗೆ ಇದನ್ನು ಮನೆಯಲ್ಲಿ ನಾಟಕದ ಹಾಗೆ ಅಭ್ಯಾಸ ಮಾಡಿಸಿ. ಯುಡಿಐಡಿ ಕಾರ್ಡ್ ಪರ್ಸಿನ ಒಳಗಲ್ಲ, ಶರ್ಟಿನ ಜೇಬಿನಲ್ಲಿರಲಿ. ನಡುಗುವ ಕೈಯಲ್ಲಿ ಪರ್ಸಿನಿಂದ ತೆಗೆಯುವಷ್ಟರಲ್ಲಿ ಎದುರಿನವರ ತಾಳ್ಮೆ ಮುಗಿದಿರುತ್ತದೆ. ಕೊರಳಿಗೆ ದಾರದಲ್ಲಿ ಹಾಕಿಕೊಂಡರೆ ಇನ್ನೂ ಸಲೀಸು. ಹೇಳಬೇಕಾದ ಮಾತನ್ನು ಚಿಕ್ಕದಾಗಿ, ಮೊದಲೇ ಬಾಯಿಪಾಠ ಮಾಡಿಟ್ಟುಕೊಳ್ಳಬೇಕು.

ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹುಡುಗ ಈಗ ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸ ಮಾಡುತ್ತಾನೆ. ಒಂದು ದಿನ ಅವನ ಜೊತೆಯಲ್ಲೇ ಬಸ್ ಹತ್ತಿದೆ. ಕಂಡಕ್ಟರ್ ಹುಬ್ಬು ಗಂಟಿಕ್ಕಿದರು. ಇವನು ಕಂಬಿಗೆ ಮೊಣಕೈ ಸಿಕ್ಕಿಸಿ ನಿಂತುಕೊಂಡ, ಕೊರಳಿನ ಕಾರ್ಡ್ ಎತ್ತಿ ತೋರಿಸಿದ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದ: "ಕುಡಿದಿಲ್ಲ ಸಾರ್. ಬ್ಯಾಲೆನ್ಸ್ ಇಲ್ಲ. ನಾನು ಕೂತ ಮೇಲೆ ರೈಟ್ ಹೇಳಿ." ಕಂಡಕ್ಟರ್ ಶಿಳ್ಳೆಯನ್ನು ಬಾಯಲ್ಲಿಟ್ಟುಕೊಂಡೇ ಅವನು ಕೂರುವವರೆಗೆ ಕಾದರು.